ಚಿನ್ನದ ಗಣಿಯಲ್ಲಿ ಕಂಡ ಐದು ಗುರುತುಗಳು

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಭರತ ಹುಣ್ಣಿಮೆ ಜಾತ್ರೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕಾಯುವ ಒಂದು ಗಳಿಗೆ ಉಂಟು. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಕಡೆಯಿಂದ, ಹೊಳೆಯಾಚೆಯ ಊರುಗಳಿಂದ ಬಂದು ನೆರೆದ ಜನಸ್ತೋಮ ಒಮ್ಮೆಗೇ ಮೌನವಾಗುತ್ತದೆ. ಆ ಮೌನದಲ್ಲಿ ಹೊರಬೀಳುವುದು ಒಂದೇ ಒಂದು ನುಡಿ. ಅದು ಮಳೆಯ ಮಾತೋ, ಬೆಳೆಯ ಮಾತೋ, ರಾಜಕಾರಣದ ಮಾತೋ ಎಂಬ ಚರ್ಚೆ ಮುಂದಿನ ಜಾತ್ರೆಯವರೆಗೂ ಊರ ಕಟ್ಟೆಗಳ ಮೇಲೆ ನಡೆದೇ ಇರುತ್ತದೆ.

ಮೊದಲು ಮೌನ, ಆಮೇಲೆ ಒಂದು ಸಣ್ಣ ಸೂಚನೆ, ಕೊನೆಗೆ ಅದರ ಅರ್ಥದ ಬಗ್ಗೆ ದೀರ್ಘ ಜಿಜ್ಞಾಸೆ. ಜಗತ್ತಿನ ಮೂಲಕಣಗಳನ್ನು ಹುಡುಕುವ ವಿಜ್ಞಾನಿಗಳ ಪಾಡೂ ಹೆಚ್ಚುಕಡಿಮೆ ಹೀಗೆಯೇ. ಇಂಥ ಹುಡುಕಾಟವೆಂದರೆ ಇಂದು ಎಲ್ಲರಿಗೂ ನೆನಪಾಗುವುದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ. ಅಲ್ಲಿ ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುವ ‘ಲಾರ್ಜ್ ಹ್ಯಾಡ್ರಾನ್ ಕೊಲೈಡರ್’ ಎಂಬ ಯಂತ್ರವಿದೆ. 2012ರ ಜುಲೈ 4ರಂದು ಹಿಗ್ಸ್ ಕಣ ಸಿಕ್ಕಿತೆಂಬ ಘೋಷಣೆ ಹೊರಬಿದ್ದದ್ದು ಅಲ್ಲಿಂದಲೇ. ಆದರೆ ಇಂಥದೇ ಹುಡುಕಾಟವೊಂದು ಕರ್ನಾಟಕದ ನೆಲದಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ, ನಾಲ್ಕು ದಶಕಗಳ ಕಾಲ ನಡೆದಿತ್ತು ಎಂಬುದು ನಮ್ಮಲ್ಲೇ ಅನೇಕರಿಗೆ ತಿಳಿಯದು. ಅಲ್ಲಿ ದೊರೆತ ಐದು ಗುರುತುಗಳ ಅರ್ಥ ಐವತ್ತು ವರ್ಷ ಕಳೆದರೂ ತೀರ್ಮಾನವಾಗಿಲ್ಲ.

ಕಣಗಳನ್ನು ಭಾರಿ ವೇಗಕ್ಕೆ ಏರಿಸುವ ದೊಡ್ಡ ಯಂತ್ರಗಳು ಹುಟ್ಟುವುದಕ್ಕೆ ಮುಂಚೆ ಭಾರಿ ಶಕ್ತಿಯ ಕಣಗಳ ಡಿಕ್ಕಿಗೆ ಇದ್ದ ಸಾಧನ ಆಕಾಶ ಒಂದೇ. ದೂರದ ನಕ್ಷತ್ರಲೋಕದಿಂದ ಭಾರಿ ವೇಗದಲ್ಲಿ ಹಾರಿಬರುವ ಕಣಗಳು ಭೂಮಿಯ ವಾಯುಮಂಡಲದ ಪರಮಾಣುಗಳಿಗೆ ಬಡಿದು ಹೊಸ ಕಣಗಳ ತುಂತುರನ್ನೇ ಎಬ್ಬಿಸುತ್ತವೆ. ಇವೇ ವಿಶ್ವಕಿರಣಗಳು. ಪಾಸಿಟ್ರಾನ್, ಮ್ಯೂಆನ್, ಪಯಾನ್‌ಗಳು ಮೊದಲು ಕಂಡದ್ದು ಈ ತುಂತುರಿನಲ್ಲಿಯೇ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಸಿದ್ದ ಹೋಮಿ ಭಾಭಾ ಈ ಕಿರಣಗಳ ಅಧ್ಯಯನಕ್ಕೆ ಕೈಹಾಕಿದರು. 1945ರಲ್ಲಿ ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಕಟ್ಟಿ ಅದು ಮುಂಬಯಿಯಲ್ಲಿ ನೆಲೆಗೊಂಡ ಮೇಲೂ ಅವರ ಗಮನ ಮೈಸೂರು ಸೀಮೆಯತ್ತ ತಿರುಗಲು ಒಂದು ಕಾರಣವಿತ್ತು. ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದು ಇಲ್ಲಿಯೇ ಇತ್ತು.

ಗಣಿಯ ಆಳ ಏಕೆ ಬೇಕಾಯಿತು? ನಾವು ಅಂಗೈಯನ್ನು ಚಾಚಿ ಹಿಡಿದರೆ ಸೆಕೆಂಡಿಗೆ ಸರಿಸುಮಾರು ಒಂದರಂತೆ ಮ್ಯೂಆನ್ ಕಣಗಳು ಅದನ್ನು ತೂರಿಕೊಂಡು ಹೋಗುತ್ತವೆ. ಇವುಗಳ ಗದ್ದಲದಲ್ಲಿ ಅಪರೂಪದ ಕಣದ ಸದ್ದು ಕೇಳಿಸುವುದು ಹೇಗೆ? ತೇರಿನ ದಿನ ಕೊಟ್ಟೂರಿನ ಬೀದಿಯಲ್ಲಿ ನಿಂತು ಗಡಿಯಾರದ ಟಿಕ್ ಟಿಕ್ ಕೇಳಲು ಹೊರಟಂತೆ! ಆದರೆ ಮ್ಯೂಆನ್‌ಗಳು ಬಂಡೆಯೊಳಗೆ ಸಾಗುತ್ತ ಶಕ್ತಿ ಕಳೆದುಕೊಂಡು ನಿಂತುಬಿಡುತ್ತವೆ. ಎಷ್ಟು ಆಳಕ್ಕಿಳಿದರೆ ಅಷ್ಟು ನಿಶ್ಶಬ್ದ. ಕೋಲಾರದ ಬಂಡೆ ಸಾಮಾನ್ಯ ಬಂಡೆಗಿಂತ ಒಂದಿಷ್ಟು ಹೆಚ್ಚು ಸಾಂದ್ರವಾಗಿದ್ದುದು ಇನ್ನೊಂದು ಅನುಕೂಲ.

1951ರಲ್ಲಿ ಭಾಭಾ ಈ ಕೆಲಸಕ್ಕೆ ಕಳುಹಿಸಿದ್ದು ನಂಜನಗೂಡಿನಲ್ಲಿ ಹುಟ್ಟಿದ ತರುಣ ಬಿ. ವಿ. ಶ್ರೀಕಂಠನ್ ಅವರನ್ನು. ಬೇರೆ ಬೇರೆ ಆಳಗಳಲ್ಲಿ ಎಷ್ಟು ಮ್ಯೂಆನ್‌ಗಳು ಉಳಿದುಕೊಳ್ಳುತ್ತವೆ ಎಂದು ಅಳೆಯುವುದು ಅವರ ಕೆಲಸ. ಮುಂದೆ 1975ರಿಂದ 1987ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾಗಿದ್ದು, 2019ರಲ್ಲಿ ಬೆಂಗಳೂರಿನಲ್ಲಿ ನಿಧನರಾದ ಈ ಕನ್ನಡಿಗ ವಿಜ್ಞಾನಿಯ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ಜಾಗ ಪಡೆಯಬೇಕಿತ್ತು. ಅಂದಿನ ಉಪಕರಣಗಳು ಇಂದಿನಂತೆ ಪೆಟ್ಟಿಗೆಯಲ್ಲಿ ಕಟ್ಟಿ ಬರುವಂಥವಲ್ಲ. ಬಹುತೇಕ ಎಲ್ಲವನ್ನೂ ಕೈಯಾರೆ ಕಟ್ಟಿಕೊಳ್ಳಬೇಕಿತ್ತು.

1960ರ ದಶಕದ ಆರಂಭದಲ್ಲಿ ಎಂ. ಜಿ. ಕೆ. ಮೆನನ್, ಪಿ. ವಿ. ರಮಣಮೂರ್ತಿ, ವಿ. ಎಸ್. ನರಸಿಂಹಂ, ಜಪಾನಿನ ಒಸಾಕಾದಿಂದ ಬಂದ ಸಬುರೊ ಮಿಯಾಕೆ ಮೊದಲಾದವರು ಅಳತೆಯನ್ನು ಇನ್ನೂ ಕೆಳಕ್ಕೆ ಒಯ್ದರು. ಚಾಂಪಿಯನ್ ರೀಫ್ ಗಣಿಯ 2760 ಮೀಟರ್ ಆಳದಲ್ಲಿ ಉಪಕರಣ ಇಟ್ಟು ಎರಡು ತಿಂಗಳು ಕಾದರು. ಒಂದೇ ಒಂದು ಮ್ಯೂಆನ್ ಕೂಡ ಬರಲಿಲ್ಲ. ಬೇರೆ ಪ್ರಯೋಗವಾಗಿದ್ದರೆ ಇದನ್ನು ವಿಫಲವೆನ್ನುತ್ತಿದ್ದರು. ಇಲ್ಲಿ ಆ ಶೂನ್ಯವೇ ಫಲ. ಅಂತೂ ಮೌನ ದೊರೆತಿತ್ತು.

ಈ ಮೌನದಲ್ಲಿ ಕೇಳಬೇಕಾಗಿದ್ದುದು ನ್ಯೂಟ್ರಿನೊಗಳ ಸದ್ದು. 1930ರಲ್ಲಿ ಪೌಲಿ ಊಹಿಸಿದ್ದ, 1956ರಲ್ಲಿ ಅಮೆರಿಕದ ರೈನ್ಸ್ ಮತ್ತು ಕೋವನ್ ಅಣುಸ್ಥಾವರದ ಬಳಿ ಪತ್ತೆ ಮಾಡಿದ್ದ ಈ ಕಣಕ್ಕೆ ಯಾವ ಗೋಡೆಯೂ ಗೋಡೆಯಲ್ಲ. ಸೂರ್ಯನಿಂದ ಹೊರಟ ಸುಮಾರು ಆರು ಸಾವಿರ ಕೋಟಿ ನ್ಯೂಟ್ರಿನೊಗಳು ಪ್ರತಿ ಸೆಕೆಂಡಿಗೆ ನಮ್ಮ ಹೆಬ್ಬೆರಳ ಉಗುರಿನಷ್ಟು ಜಾಗವನ್ನು ದಾಟಿಹೋಗುತ್ತವೆ. ನಮಗೆ ಅದರ ಅರಿವೂ ಇಲ್ಲ. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗಲೂ ನ್ಯೂಟ್ರಿನೊಗಳು ಹುಟ್ಟಲೇಬೇಕು. ಅವುಗಳಲ್ಲಿ ಯಾವುದೋ ಒಂದು ಬಂಡೆಯ ಪರಮಾಣುವಿಗೆ ಬಡಿದು ಮ್ಯೂಆನ್ ಆಗಿ ಹೊರಬಂದರೆ ಅದನ್ನು ಹಿಡಿಯಬಹುದು. ಆದರೆ ಇದು ಮೇಲಿನಿಂದಲೇ ಇಳಿದ ಮ್ಯೂಆನ್ ಅಲ್ಲ ಎಂದು ಹೇಳುವುದು ಹೇಗೆ? ಉಪಾಯ ಸರಳ. ಮೇಲಿನಿಂದ ಬರುವವು ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತವೆ. ಅಡ್ಡಡ್ಡಲಾಗಿ ಬರಬೇಕೆಂದರೆ ಎಷ್ಟೋ ಪಟ್ಟು ಹೆಚ್ಚು ಬಂಡೆಯನ್ನು ದಾಟಬೇಕು, ಅದು ಅಸಾಧ್ಯ. ಆದ್ದರಿಂದ ಅಡ್ಡ ಬಂದದ್ದು ನ್ಯೂಟ್ರಿನೊದ ಸಂತಾನವೇ ಸರಿ.

ಹೀತ್‌ಕೋಟ್ ಶಾಫ್ಟಿನಲ್ಲಿ 2.3 ಕಿಲೋಮೀಟರ್ ಆಳದಲ್ಲಿ, ಅಂದರೆ ಜೋಗದ ಜಲಪಾತವನ್ನು ಒಂಬತ್ತು ಬಾರಿ ಒಂದರ ಕೆಳಗೊಂದು ನಿಲ್ಲಿಸಿದಷ್ಟು ಕೆಳಗೆ, ಟಾಟಾ ಸಂಸ್ಥೆ, ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯದವರು ಸೇರಿ ಪ್ರಯೋಗಶಾಲೆ ಹೂಡಿದರು. ಬಂಡೆ ಸಿಡಿಯುವ ಭಯ, ಆಳಕ್ಕಿಳಿದಷ್ಟೂ ಏರುವ ಕಾವು, ತೇವ. ಚಿನ್ನ ತೆಗೆಯುವ ಕಾರ್ಮಿಕರಿಗೆ ಇವು ನಿತ್ಯದ ಪಾಡು. ವಿಜ್ಞಾನಿಗಳೂ ಅವರೊಡನೆ ಅದೇ ತೊಟ್ಟಿಲಲ್ಲಿ ಇಳಿದು ಹತ್ತಬೇಕಿತ್ತು. ಪ್ಲಾಸ್ಟಿಕ್ ಮಿನುಗುಫಲಕಗಳನ್ನು ಎರಡು ಗೋಡೆಗಳಂತೆ ನಿಲ್ಲಿಸಿ, ನಡುವೆ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳ ಸಾಲು ಇಟ್ಟರು. ವಿದ್ಯುದಾವೇಶದ ಕಣ ಹಾದುಹೋದರೆ ಫಲಕ ಮಿನುಗುತ್ತದೆ. ಆ ಕ್ಷಣವೇ ಕೊಳವೆಗಳಿಗೆ ಭಾರಿ ವೋಲ್ಟೇಜು ಹರಿಸಿದರೆ ಕಣ ದಾಟಿದ ಕೊಳವೆಗಳು ಮಾತ್ರ ಕೆಂಪಗೆ ಹೊತ್ತಿಕೊಳ್ಳುತ್ತವೆ. ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಕಣದ ಹೆಜ್ಜೆಜಾಡು ಫಿಲ್ಮಿನ ಮೇಲೆ ಮೂಡುತ್ತದೆ.

1965ರ ಏಪ್ರಿಲ್‌ನಲ್ಲಿ ಅಂಥದೊಂದು ಅಡ್ಡಜಾಡು ಸಿಕ್ಕಿತು. ಇದೇ ಹೊತ್ತಿನಲ್ಲಿ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ಬಳಿಯ ಇನ್ನೊಂದು ಚಿನ್ನದ ಗಣಿಯಲ್ಲಿ ರೈನ್ಸ್ ಅವರ ತಂಡವೂ ಹೊಂಚುಹಾಕಿ ಕೂತಿತ್ತು. ಅವರಿಗೆ ಮೊದಲ ಗುರುತು ಕಂಡದ್ದು ಫೆಬ್ರವರಿಯಲ್ಲಿ. ಆದರೆ ಪ್ರಬಂಧ ಮೊದಲು ಅಚ್ಚಾದದ್ದು ಕೋಲಾರದವರದ್ದು, 1965ರ ಆಗಸ್ಟ್ 15ರಂದು. ರೈನ್ಸ್ ತಂಡದ್ದು ಹದಿನೈದು ದಿನ ತಡವಾಗಿ, ಆಗಸ್ಟ್ 30ರಂದು. ಯಾರು ಮೊದಲು ಎಂಬ ವಾದಕ್ಕೆ ಇಲ್ಲಿ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ಮನುಷ್ಯ ಮೊದಲ ಬಾರಿಗೆ ಕಂಡದ್ದು ಎರಡು ಚಿನ್ನದ ಗಣಿಗಳಲ್ಲಿ, ಅದರಲ್ಲೊಂದು ನಮ್ಮದು ಎಂಬುದಷ್ಟೇ ಸಾಕು.

ನಿಜವಾದ ಒಗಟು ಎದುರಾದದ್ದು ಇದಾದ ಮೇಲೆ. ವರ್ಷಗಟ್ಟಲೆ ಫಿಲ್ಮು ತೊಳೆದು ನೋಡುತ್ತ ಕುಳಿತವರಿಗೆ ಕೆಲವು ವಿಚಿತ್ರ ಚಿತ್ರಗಳು ಕಂಡವು. ಅವುಗಳಲ್ಲಿ ಒಂದು ಜಾಡಿನ ಬದಲು ಎರಡು ಮೂರು ಜಾಡುಗಳು ಒಂದೇ ಬಿಂದುವಿನಿಂದ ಅಗಲವಾಗಿ ಕವಲೊಡೆದಿದ್ದವು. ಅದರಲ್ಲೇನೂ ಹೆಚ್ಚುಗಾರಿಕೆಯಿಲ್ಲ, ನ್ಯೂಟ್ರಿನೊ ಬಡಿದಾಗ ಹಾಗಾಗಬಹುದು. ಆದರೆ ಆ ಬಿಂದುವನ್ನು ಹಿಂದಕ್ಕೆ ಗೆರೆಯೆಳೆದು ಗುರುತಿಸಿದಾಗ ಅದು ಬಂಡೆಯಲ್ಲಿರಲಿಲ್ಲ. ಗವಿಯ ಗೋಡೆಗೂ ಉಪಕರಣಕ್ಕೂ ನಡುವಿನ ಬರೀ ಗಾಳಿಯಲ್ಲಿತ್ತು!

ಇದರ ತೂಕ ಅರಿಯಲು ಒಂದು ಲೆಕ್ಕ ಬೇಕು. ಬಂಡೆಗೆ ಹೋಲಿಸಿದರೆ ಗಾಳಿಯಲ್ಲಿ ಬಡಿಯಲು ಸಿಗುವ ವಸ್ತು ಎರಡು ಸಾವಿರಕ್ಕೂ ಹೆಚ್ಚು ಪಟ್ಟು ಕಡಿಮೆ. ನ್ಯೂಟ್ರಿನೊ ಬಂಡೆಗೆ ಬಡಿಯುವುದೇ ವರ್ಷಕ್ಕೊಮ್ಮೆ ಎರಡುಬಾರಿ ಕಾಣುವಾಗ, ಗಾಳಿಗೆ ಬಡಿದದ್ದನ್ನು ಕಾಣಲು ಎಷ್ಟು ತಲೆಮಾರು ಕಾಯಬೇಕು? ಉಳಿದ ವಿವರಣೆ ಒಂದೇ. ಬಂಡೆಯೊಳಗೆ ಹುಟ್ಟಿದ ಯಾವುದೋ ಹೊಸ ಕಣ ಗಾಳಿಯವರೆಗೆ ಬದುಕಿ ಬಂದು, ಅಲ್ಲಿ ತಾನಾಗಿಯೇ ಒಡೆದಿರಬೇಕು. ಹಾಗೆ ಒಂದೆರಡು ಅಡಿ ದೂರ ಸಾಗಬೇಕಾದರೆ ಅದರ ಆಯುಸ್ಸು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಷ್ಟಾದರೂ ಇರಬೇಕು. ಬೆಳಕು ಅಷ್ಟರಲ್ಲಿ ಸಾಗುವುದು 30 ಸೆಂಟಿಮೀಟರ್. ತೂಕ ಪ್ರೋಟಾನಿನ ಎರಡರಿಂದ ಐದು ಪಟ್ಟು. ಇಂಥ ಐದು ಘಟನೆಗಳನ್ನು ಮುಂದಿಟ್ಟು ಎಂ. ಆರ್. ಕೃಷ್ಣಸ್ವಾಮಿ, ಮೆನನ್, ನರಸಿಂಹಂ, ಮಿಯಾಕೆ ಮತ್ತು ಸಂಗಡಿಗರು 1975ರಲ್ಲಿ ಹೊಸ ಕಣದ ಸಾಕ್ಷ್ಯ ಸಿಕ್ಕಿದೆ ಎಂದು ಪ್ರಕಟಿಸಿದರು. ಭೌತವಿಜ್ಞಾನದ ಸಾಹಿತ್ಯದಲ್ಲಿ ಇವಕ್ಕೆ ‘ಕೋಲಾರ ಘಟನೆಗಳು’ ಎಂದೇ ಹೆಸರಾಯಿತು.

ಕಾಲವೂ ಅಂಥದ್ದೇ. ಹಿಂದಿನ ವರ್ಷ, 1974ರ ನವೆಂಬರ್‌ನಲ್ಲಿ, ಅಮೆರಿಕದ ಎರಡು ಪ್ರಯೋಗಾಲಯಗಳು ಪ್ರೋಟಾನಿನ ಮೂರು ಪಟ್ಟು ತೂಕದ ಹೊಸ ಕಣವೊಂದನ್ನು ಕಂಡಿದ್ದವು. ಸ್ಟ್ಯಾನ್‌ಫರ್ಡಿನಲ್ಲಿ ಅದು ಸಿಕ್ಕಿದ್ದು ಎಲೆಕ್ಟ್ರಾನು ಮತ್ತು ಪಾಸಿಟ್ರಾನುಗಳನ್ನು ಡಿಕ್ಕಿ ಹೊಡೆಸುವ ಕೊಲೈಡರಿನಲ್ಲಿ. ಹೊಸದನ್ನು ನಂಬಲು ಜಗತ್ತು ಸಿದ್ಧವಾಗಿತ್ತು. ಸರ್ನ್ ಮತ್ತು ಅಮೆರಿಕದ ಫರ್ಮಿ ಪ್ರಯೋಗಾಲಯಗಳು ಕೂಡಲೇ ತಮ್ಮ ನ್ಯೂಟ್ರಿನೊ ದೂಲಗಳಲ್ಲಿ ಕೋಲಾರದ ಕಣವನ್ನು ಹುಡುಕಿದವು. ಸಿಗಲಿಲ್ಲ. ಅಲ್ಲಿಗೆ ಹೊರಗಿನವರ ಆಸಕ್ತಿ ಇಳಿಯಿತು. ಆದರೆ ‘ಕೋಲಾರದವರು ತಪ್ಪಿದ್ದು ಇಲ್ಲಿ’ ಎಂದು ಬೆರಳಿಟ್ಟು ತೋರಿಸಲು ಯಾರಿಗೂ ಆಗಲಿಲ್ಲ. 1980ರ ದಶಕದ ಪ್ರಯೋಗದಲ್ಲಿಯೂ ಇಂಥ ಕೆಲವು ಘಟನೆಗಳು ಅಲ್ಲಿ ದಾಖಲಾದವು.

ಐದು ಚಿತ್ರ ಸಾಕೇ ಎಂಬ ಪ್ರಶ್ನೆ ಸಹಜವಾದದ್ದು. ಕಾರ್ಣಿಕದ ನುಡಿಗೆ ಮಳೆ ಬಂದ ಮೇಲೆ ಮಳೆಯ ಅರ್ಥ, ಸರ್ಕಾರ ಬಿದ್ದ ಮೇಲೆ ಸರ್ಕಾರದ ಅರ್ಥ ಹೊಂದಿಸಬಹುದು. ಭಕ್ತಿಗೆ ಅದರಿಂದ ಕುಂದಿಲ್ಲ. ವಿಜ್ಞಾನಕ್ಕೆ ಮಾತ್ರ ಆ ಸ್ವಾತಂತ್ರ್ಯ ಇಲ್ಲ. ಏನನ್ನು ಹುಡುಕುತ್ತೇವೆ, ಎಷ್ಟು ಕಂಡರೆ ಒಪ್ಪುತ್ತೇವೆ ಎಂಬುದನ್ನು ಅಂಕಿಅಂಶ ಬಿಚ್ಚುವ ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಇಂದಿನ ಕೊಲೈಡರ್ ತಂಡಗಳು ಎಷ್ಟೋ ಸಲ ತಮ್ಮ ಮಾಹಿತಿಯ ಮುಖ್ಯ ಭಾಗವನ್ನು ತಮ್ಮಿಂದಲೇ ಮುಚ್ಚಿಟ್ಟುಕೊಂಡು, ಲೆಕ್ಕದ ಕ್ರಮವೆಲ್ಲ ಪಕ್ಕಾ ಆದ ಮೇಲೆ ತೆರೆಯುವುದು ಇದಕ್ಕಾಗಿಯೇ. ಕೋಲಾರದಲ್ಲಿ ಹಾಗೆ ಮಾಡುವುದು ಸಾಧ್ಯವಿರಲಿಲ್ಲ. ಯಾರೂ ನಿರೀಕ್ಷಿಸದೇ ಇದ್ದದ್ದು ತಾನಾಗಿ ಬಂದು ಕಂಡಿತ್ತು.

ಆ ವೇಳೆಗೆ ಗಣಿಯ ವಿಜ್ಞಾನಿಗಳು ಇನ್ನೂ ದೊಡ್ಡ ಪ್ರಶ್ನೆಯೊಂದನ್ನು ಎತ್ತಿಕೊಂಡಿದ್ದರು. ಪ್ರೋಟಾನಿಗೆ ಸಾವುಂಟೇ? 1974ರಲ್ಲಿ ಅಮೆರಿಕದ ಜಾರ್ಜೈ ಮತ್ತು ಗ್ಲಾಷೋ ಮಂಡಿಸಿದ ಏಕೀಕರಣ ಸಿದ್ಧಾಂತದ ಪ್ರಕಾರ ಪ್ರೋಟಾನು ಎಂದಾದರೊಂದು ದಿನ ಒಡೆಯಲೇಬೇಕು. ಆದರೆ ಸರಾಸರಿ ಆಯುಸ್ಸು 1ರ ಮುಂದೆ 30ರಷ್ಟು ಸೊನ್ನೆ ಹಾಕಿದಷ್ಟು ವರ್ಷ. ಅಷ್ಟು ಕಾಲ ಕಾಯುವವರು ಯಾರು? ಒಂದು ಪ್ರೋಟಾನನ್ನು ಅಷ್ಟು ವರ್ಷ ನೋಡುವ ಬದಲು ಅಷ್ಟು ಪ್ರೋಟಾನುಗಳನ್ನು ಒಂದು ವರ್ಷ ನೋಡಿದರೆ ಆಯಿತು. 1980ರ ಕೊನೆಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಸುಮಾರು 140 ಟನ್ ತೂಕದ ಉಪಕರಣ ಕೆಲಸ ಆರಂಭಿಸಿತು. ಕಬ್ಬಿಣದ ತಗಡುಗಳ ನಡುವೆ 34 ಪದರಗಳಲ್ಲಿ ಸುಮಾರು 1600 ಎಣಿಕೆಗೊಳವೆಗಳು. ಪ್ರೋಟಾನಿನ ಸಾವನ್ನು ಕಾಣಲೆಂದೇ ಕಟ್ಟಿದ ಜಗತ್ತಿನ ಮೊದಲ ಉಪಕರಣಗಳಲ್ಲಿ ಅದು ಅಗ್ರಗಣ್ಯ. ಅಷ್ಟು ಕಬ್ಬಿಣದಲ್ಲಿರುವ ಪ್ರೋಟಾನು ನ್ಯೂಟ್ರಾನುಗಳ ಸಂಖ್ಯೆ 8ರ ಮುಂದೆ 31 ಸೊನ್ನೆ. ಆಯುಸ್ಸು 1ರ ಮುಂದೆ 31 ಸೊನ್ನೆಯಷ್ಟು ವರ್ಷವಾದರೆ ವರ್ಷಕ್ಕೆ ಎಂಟು ಸಾವು ಸಂಭವಿಸಬೇಕು.

1982ರಲ್ಲಿ ಕೋಲಾರದ ತಂಡ ಪ್ರೋಟಾನಿನ ಸಾವೆಂದು ಶಂಕಿಸಬಹುದಾದ ಕೆಲವು ಘಟನೆಗಳನ್ನು ಮುಂದಿಟ್ಟಿತು. ಪ್ರಪಂಚದ ಕಣ್ಣು ಮತ್ತೆ ಇತ್ತ ಹೊರಳಿತು. ಆದರೆ ಅಮೆರಿಕದ ಒಹಾಯೊದ ಉಪ್ಪಿನ ಗಣಿಯಲ್ಲೂ ಜಪಾನಿನ ಕಮಿಯೋಕಾ ಗಣಿಯಲ್ಲೂ ಸಾವಿರಾರು ಟನ್ ನೀರು ತುಂಬಿದ ತೊಟ್ಟಿಗಳು ಅಷ್ಟರಲ್ಲಿ ಸಿದ್ಧವಾದವು. ಅವುಗಳಲ್ಲಿ ಸಾವು ಕಾಣಲಿಲ್ಲ. ಇಂದು ಕಮಿಯೋಕಾದ 50 ಸಾವಿರ ಟನ್ನಿನ ದೊಡ್ಡ ತೊಟ್ಟಿಯ ಲೆಕ್ಕದಂತೆ ಪ್ರೋಟಾನಿನ ಸಾವಿನ ಒಂದು ಮುಖ್ಯ ಬಗೆಗೆ ಆಯುಸ್ಸಿನ ಕನಿಷ್ಠ ಮಿತಿಯೇ 1ರ ಮುಂದೆ 34 ಸೊನ್ನೆಯನ್ನು ದಾಟಿದೆ. ಕೋಲಾರದಲ್ಲಿ ಕಂಡದ್ದು ಪ್ರೋಟಾನಿನ ಸಾವಲ್ಲ, ನ್ಯೂಟ್ರಿನೊಗಳ ಡಿಕ್ಕಿ ಇರಬೇಕು ಎಂದು ಬಹುತೇಕರು ಒಪ್ಪುತ್ತಾರೆ.

ಇಲ್ಲೊಂದು ವಿಪರ್ಯಾಸವುಂಟು. 1965ರಲ್ಲಿ ಯಾವ ನ್ಯೂಟ್ರಿನೊವನ್ನು ಕಂಡು ಹಿಗ್ಗಿದ್ದರೋ, 1982ರ ವೇಳೆಗೆ ಅದೇ ನ್ಯೂಟ್ರಿನೊ ಪ್ರೋಟಾನಿನ ಹುಡುಕಾಟಕ್ಕೆ ಅಡ್ಡ ಬರುವ ಕಸವಾಗಿತ್ತು. ಆ ಕಸವನ್ನು ಲೆಕ್ಕಹಾಕಿ ಕಳೆಯಲು ಹೊರಟ ಕಮಿಯೋಕಾದವರಿಗೆ ಲೆಕ್ಕ ಕೂಡಿಬರಲಿಲ್ಲ. ಭೂಮಿಯ ಕೆಳಬದಿಯಿಂದ ಬರುವ ನ್ಯೂಟ್ರಿನೊಗಳು ಕಡಿಮೆ ಬೀಳುತ್ತಿದ್ದವು. 1998ರಲ್ಲಿ ಅದರ ಅರ್ಥ ಖಚಿತವಾಯಿತು: ನ್ಯೂಟ್ರಿನೊಗಳು ದಾರಿಯಲ್ಲಿ ಬಗೆ ಬದಲಿಸುತ್ತವೆ, ಅಂದಮೇಲೆ ಅವಕ್ಕೆ ತೂಕವಿದೆ. ಈವರೆಗೆ ಗಟ್ಟಿಯಾಗಿ ಸಿಕ್ಕಿರುವ ‘ಹೊಸ ಭೌತವಿಜ್ಞಾನ’ವೆಂದರೆ ಮುಖ್ಯವಾಗಿ ಇದೇ, ತಕಾಕಿ ಕಜಿತ ಅವರಿಗೆ 2015ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಬಂದದ್ದೂ ಇದಕ್ಕೇ. ಕೋಲಾರದಲ್ಲಿ ಮೊದಲು ಕಂಡ ಕಣವೇ ಅದು. ಫಲ ಕೊಯ್ದದ್ದು ಮಾತ್ರ ಬೇರೆ ನೆಲದಲ್ಲಿ.

ಇಲ್ಲಿ ಮುಂದುವರಿಯಲು ಗಣಿಯೇ ಉಳಿಯಲಿಲ್ಲ. ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿಯುತ್ತ ಬಂದು ಆಳದ ಮಟ್ಟಗಳನ್ನು ನಡೆಸುವುದು ನಷ್ಟದ ಬಾಬತ್ತಾಯಿತು. 1992ರ ಹೊತ್ತಿಗೆ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಸಾವಿರಾರು ಕಾರ್ಮಿಕ ಕುಟುಂಬಗಳ ಅನ್ನ ಹೋಯಿತು, ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ಏರಿತು. ವಿಜ್ಞಾನಕ್ಕಾಗಿ ಒಂದು ಶಾಫ್ಟನ್ನಾದರೂ ಉಳಿಸಿಕೊಳ್ಳಬಹುದಿತ್ತಲ್ಲ ಎಂಬ ಹಳಹಳಿಕೆ ಈಗಲೂ ಕೇಳುತ್ತದೆ. ನ್ಯಾಯವಾದದ್ದೇ. ಆದರೆ ಎರಡು ಮೂರು ಕಿಲೋಮೀಟರ್ ಆಳದ ಗಣಿಯನ್ನು ಬರೀ ಪ್ರಯೋಗಶಾಲೆಗಾಗಿ ಒಣಗಿಸಿಟ್ಟುಕೊಳ್ಳುವ ಖರ್ಚು ಸಾಮಾನ್ಯದ್ದಲ್ಲ. ಅದಕ್ಕೆ ಬದಲಾಗಿ ತಮಿಳುನಾಡಿನ ತೇಣಿಯ ಬೆಟ್ಟದಡಿ 50 ಸಾವಿರ ಟನ್ ಕಬ್ಬಿಣದ ನ್ಯೂಟ್ರಿನೊ ವೀಕ್ಷಣಾಲಯ ಕಟ್ಟುವ ಯೋಜನೆಗೆ 2015ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತಾದರೂ ಸ್ಥಳೀಯರ ವಿರೋಧ, ನ್ಯಾಯಾಲಯದ ವ್ಯಾಜ್ಯಗಳ ನಡುವೆ ಅದು ನೆನೆಗುದಿಗೆ ಬಿದ್ದಿತು.

ಕೋಲಾರದ ಕೈಕಸುಬು ಮಾತ್ರ ಪೂರ್ತಿ ಕಳೆದುಹೋಗಲಿಲ್ಲ. ಜಿನೀವಾದಲ್ಲಿ ಹಿಗ್ಸ್ ಕಣವನ್ನು ಕಂಡ ಎರಡು ದೈತ್ಯ ಉಪಕರಣಗಳಲ್ಲಿ ಒಂದಾದ ಸಿಎಂಎಸ್‌ನ ಹೊರ ಪದರವೊಂದರ ಮಿನುಗುಫಲಕಗಳನ್ನು ಸಿದ್ಧಪಡಿಸುವುದರಲ್ಲಿ ಟಾಟಾ ಸಂಸ್ಥೆಯ ಪಾಲು ದೊಡ್ಡದು. ಅಲ್ಲಿನ ಕಷ್ಟ ಕೋಲಾರದ್ದಕ್ಕೆ ನೇರ ವಿರುದ್ಧ. ಕೋಲಾರದಲ್ಲಿ ತಿಂಗಳುಗಟ್ಟಲೆ ಏನೂ ಬರುವುದಿಲ್ಲ. ಅಲ್ಲಿ ಪ್ರೋಟಾನು ಗುಂಪುಗಳು ಸೆಕೆಂಡಿಗೆ ನಾಲ್ಕು ಕೋಟಿ ಬಾರಿ ಎದುರಾಗುತ್ತವೆ. ಕಣದಲ್ಲಿ ಜೋಳ ತೂರುವವರು ಗಾಳಿಗೆ ಹೊಟ್ಟು ಹಾರಿಸುವಂತೆ ಯಂತ್ರವೇ ಕ್ಷಣಾರ್ಧದಲ್ಲಿ ಬಹುಪಾಲನ್ನು ತೂರಿಬಿಟ್ಟು ಸೆಕೆಂಡಿಗೆ ಸಾವಿರದ ಲೆಕ್ಕದಲ್ಲಿ ಮಾತ್ರ ಉಳಿಸಿಕೊಳ್ಳುತ್ತದೆ. ತೂರಿದ ಹೊಟ್ಟಿನ ಜೊತೆ ಹೊಸ ಕಾಳೂ ಹಾರಿಹೋಯಿತೋ ಎಂಬ ಅಳುಕು ತಪ್ಪಿದ್ದಲ್ಲ.

ಉಳಿದದ್ದರಲ್ಲೂ ಮೋಸವುಂಟು. 2015ರ ಡಿಸೆಂಬರ್‌ನಲ್ಲಿ ಅಲ್ಲಿನ ಎರಡೂ ಉಪಕರಣಗಳಲ್ಲಿ, ಪ್ರೋಟಾನಿನ ಸುಮಾರು 800 ಪಟ್ಟು ತೂಕದ ಜಾಗದಲ್ಲಿ, ಬೆಳಕಿನ ಕಣಗಳ ಜೋಡಿ ತುಸು ಹೆಚ್ಚಾಗಿ ಕಂಡವು. ಎಂಟು ತಿಂಗಳಲ್ಲಿ ಅದನ್ನು ವಿವರಿಸುವ 500ಕ್ಕೂ ಹೆಚ್ಚು ಪ್ರಬಂಧಗಳು ಬಂದವು. 2016ರ ಆಗಸ್ಟ್‌ನಲ್ಲಿ ಹೆಚ್ಚಿನ ಮಾಹಿತಿ ಸೇರಿದಾಗ ಆ ಉಬ್ಬು ಕರಗಿಹೋಯಿತು. ಸಾವಿರಾರು ಕಡೆ ಇಣುಕಿದರೆ ಎಲ್ಲೋ ಒಂದೆಡೆ ಆಕಸ್ಮಿಕ ಗುಂಪು ಕಂಡೇ ಕಾಣುತ್ತದೆ. ಬರೀ ಆಕಸ್ಮಿಕದಿಂದ ಹೀಗಾಗುವ ಸಾಧ್ಯತೆ ಸುಮಾರು 35 ಲಕ್ಷದಲ್ಲಿ ಒಂದಕ್ಕೆ ಇಳಿಯುವವರೆಗೂ ‘ಸಿಕ್ಕಿತು’ ಎನ್ನಬಾರದೆಂಬ ಕಟ್ಟುಪಾಡನ್ನು ಕಣವಿಜ್ಞಾನಿಗಳು ಪಾಲಿಸುವುದು ಇಂಥ ಪೆಟ್ಟು ತಿಂದೇ.

ಕೋಲಾರದ ಐದು ಚಿತ್ರಗಳು ಆ ಉಬ್ಬಿನ ಹಾಗೆ ಕರಗಲಿಲ್ಲ, ಗಟ್ಟಿಯೂ ಆಗಲಿಲ್ಲ. 2014ರಲ್ಲಿ ಚೆನ್ನೈನ ಎಂ. ವಿ. ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಅವನ್ನು ಮತ್ತೆ ಹೊರತೆಗೆದರು. ವಿಶ್ವದ ವಸ್ತುವಿನಲ್ಲಿ ಹೆಚ್ಚಿನ ಪಾಲಾದ, ಏನೆಂದು ತಿಳಿಯದ ಕಗ್ಗತ್ತಲ ದ್ರವ್ಯದ ಕಣವೇ ಗಣಿಯ ಗಾಳಿಯಲ್ಲಿ ಒಡೆದಿರಬಹುದೇ ಎಂಬುದು ಅವರ ಪ್ರಶ್ನೆ. ಹಾಗಿದ್ದರೆ ಬಂಡೆಯೇನು, ಗಾಳಿಯೇನು, ಒಡೆಯುವುದು ಜಾಗದ ವಿಸ್ತಾರಕ್ಕೆ ತಕ್ಕಂತೆ. ತುಂಬಿದ ತೊಟ್ಟಿಗಿಂತ ಖಾಲಿ ಕೋಣೆಯೇ ಅದನ್ನು ಗುರುತಿಸಲು ಮೇಲು. ತೇಣಿಯ ಗವಿಯ ಗೋಡೆಗಳಿಗೂ ಫಲಕ ಹೊದಿಸಿ ನಡುವಿನ ಗಾಳಿಯನ್ನೇ ಕಾಯಬಹುದು ಎಂಬ ಸಲಹೆಯೂ ಬಂದಿತು.

ಖಾಲಿ ಜಾಗವನ್ನು ಕಾಯುವ ಈ ಯೋಚನೆ ಈಗ ಕೊಲೈಡರಿನವರಿಗೂ ಹಿಡಿಸಿದೆ. ಡಿಕ್ಕಿಯಲ್ಲಿ ಹುಟ್ಟಿ ಬಹುದೂರ ಬದುಕಿ ಸಾಗಿ ಆಮೇಲೆ ಒಡೆಯುವ ಕಣಗಳಿದ್ದರೆ, ದೊಡ್ಡ ಉಪಕರಣಗಳ ಕಣ್ತಪ್ಪಿ ಅವು ಹೊರಟುಹೋಗಿರುತ್ತವೆ. ಅಂಥವಕ್ಕಾಗಿ ಜಿನೀವಾದ ಸುರಂಗದಲ್ಲಿ, ಡಿಕ್ಕಿಯ ಜಾಗದಿಂದ 480 ಮೀಟರ್ ದೂರದಲ್ಲಿ, ‘ಫೇಸರ್’ ಎಂಬ ಚಿಕ್ಕ ಉಪಕರಣವನ್ನು ಇಟ್ಟಿದ್ದಾರೆ. 2022ರಲ್ಲಿ ಅದು ಮಾಹಿತಿ ಸಂಗ್ರಹ ಆರಂಭಿಸಿತು. ಅದರ ಎದೆಭಾಗ ಒಂದೂವರೆ ಮೀಟರ್ ಉದ್ದದ ಖಾಲಿ ಕೊಳವೆ. ಮುಂದೆ ಬಂದ ಕಣದ ಗುರುತಿಲ್ಲದೆ ಆ ಖಾಲಿಯಿಂದ ಎರಡು ಜಾಡು ಕವಲೊಡೆದು ಹೊರಟರೆ ಅದು ಹೊಸದು. ಅಂಥ ಕಣ ಇನ್ನೂ ಸಿಕ್ಕಿಲ್ಲ. 2023ರಲ್ಲಿ ಅದಕ್ಕೆ ಮೊದಲು ಸಿಕ್ಕಿದ್ದು, ಯಾವ ಕೊಲೈಡರಿನಲ್ಲೂ ಅಲ್ಲಿಯವರೆಗೆ ನೇರವಾಗಿ ಕಂಡಿರದ ನ್ಯೂಟ್ರಿನೊ.